ಋತಾ: ಬಾಯಲ್ಲಿ ರಿತಾನಾ, ರುತಾನಾ?

ಹುಬ್ಬಳ್ಳಿಯಲ್ಲಿ ನನ್ನ ತಮ್ಮನಿಗೆ ಹೆಣ್ಣು ಕೂಸು ಹುಟ್ಟಿದೆ. ಸ್ವಾತಿ ನಕ್ಷತ್ರ, ಮೊದಲನೇ ಪಾದ. ಪಂಚಾಂಗದಲ್ಲಿ ಸ್ವಾತಿಯ ನಾಲ್ಕು ಪಾದಕ್ಕೆ ಹೆಸರಿನ ಮೊದಲ ಅಕ್ಷರ ಸಾಲಾಗಿ ರು, ರೆ, ರೊ, ತ ಅಂತ ಇದೆ, ಹಾಗಾಗಿ ನಮಗೆ ಬೇಕಾದ ಅಕ್ಷರ ರು. ಎಲ್ಲರೂ ಕೂಡಿ ಋತಾ ಅಂತ ಆರಿಸಿದ್ದೇವೆ. ಋತ ಅಂದರೆ ಸತ್ಯ. ಅನೃತ ಗೊತ್ತಲ್ಲ, ಅದರ ಉಲ್ಟಾ. ಅರ್ಥದ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಇರುವುದು ಮೊದಲ ಅಕ್ಷರದ್ದು.

ತಮ್ಮನ ಹೆಂಡತಿ ಮೈಸೂರಿನವಳು. ಅವಳು ರಿತಾ ಅನ್ನುತ್ತಾಳೆ. ನಮ್ಮ ಅವ್ವ ರುತಾ ಅನ್ನುತ್ತಾಳೆ. "ಕ್ರುಷ್ಣಾ ಅಂತೀವಿ, ಅಮ್ರುತಾ ಅಂತೀವಿ, ಇದೊಂದ್ ಯಾಕ ರಿತಾ?" ಅನ್ನುವುದು ಅವ್ವನ ವಾದ. ಮಜಾ ಏನಂದರೆ, ರಿ ಬರುವುದು ಹಿಂದಿನ ನಕ್ಷತ್ರ ಚಿತ್ತಾದ ಕೊನೆಯ ಪಾದಕ್ಕೆ. ಬರೆಯುವುದು ಒಂದೇ ಋ, ಮೈಸೂರಿನವರು ಓದಿದರೆ ಕೂಸಿನ ನಕ್ಷತ್ರವೇ ಬದಲು! ತೊಟ್ಟಿಲ ದಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆಯಾದ ನಾನು. ಹೆಸರು ಹೇಳುವವಳ ಬೆನ್ನಿಗೆ ಹಿಂದಿನಿಂದ ಗುದ್ದುವುದು ನಮ್ಮಲ್ಲಿ ಪದ್ಧತಿ, ಆ ಗುದ್ದು ಬೀಳುವಾಗ ತಡವರಿಸುತ್ತ ಕೂರಲು ಆಗುತ್ತದೆಯೇ?

ನೋಡಿದರೆ ಎರಡೂ ಮೂಲದ ಉಚ್ಚಾರವಲ್ಲ. ಋ ಸ್ವರ. ಸಂಸ್ಕೃತ ವ್ಯಾಕರಣದವರು ಅದನ್ನು ಟ, ರ, ಷ ಜೊತೆ ಮೂರ್ಧನ್ಯಗಳಲ್ಲಿ, ಅಂದರೆ ನಾಲಿಗೆಯನ್ನು ಮೇಲಕ್ಕೆ ಮಡಚಿ ಹೇಳುವ ಅಕ್ಷರಗಳಲ್ಲಿ, ಸೇರಿಸಿದ್ದಾರೆ. ನಮ್ಮ ದಿನದ ಮಾತಿನಲ್ಲಿ ಆ ಸ್ವರ ಉಳಿದಿಲ್ಲ. ಹಿಂದಿಯವರು ರಿ ಮಾಡಿಕೊಂಡರು, ಮರಾಠಿ, ತೆಲುಗಿನವರು ರು ಮಾಡಿಕೊಂಡರು. ಧಾರವಾಡ ಸೀಮೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು, ಮರಾಠಿ ಸಹವಾಸ ಜಾಸ್ತಿ. ನಮ್ಮ ರು ಗಟ್ಟಿಯಾಗಿದ್ದಕ್ಕೆ ಅದೂ ಕಾರಣ ಇರಬಹುದು. ಹಳೆಗನ್ನಡದ ಕಡೆ ಹೋದರೆ ಋಷಿ ರಿಸಿ ಆಗಿದೆ, ಶೃಂಗಾರ ಸಿಂಗಾರ ಆಗಿದೆ. ಮೈಸೂರಿಗೆ ಗೆಲುವು ಅನ್ನುವಷ್ಟರಲ್ಲಿ ಪೃಥ್ವಿ ಪೊಡವಿ, ವೃದ್ಧಿ ಬಡ್ಡಿ ಅಂತ ಅಡ್ಡ ಬರುತ್ತವೆ. ತದ್ಭವಗಳ ಸಾಕ್ಷಿ ಯಾರ ಕಡೆಗೂ ನಿಲ್ಲುವುದಿಲ್ಲ.

ಬಾಯಲ್ಲಿ ಹೇಗೇ ಅನ್ನಲಿ, ಕನ್ನಡದಲ್ಲಿ ಋ ಬರೆದು ಸುಮ್ನಿದ್ದುಬಿಡಬಹುದು. ಆದರೆ ಜನನ ಪ್ರಮಾಣಪತ್ರದಲ್ಲಿ ಇಂಗ್ಲಿಷೂ ಇರುತ್ತದಲ್ಲ. ಆರ್, ಐ, ಟಿ, ಎ ಅಂತ ಬರೆದರೆ ಶಾಲೆಯಲ್ಲಿ ಹುಡುಗಿ ರೀಟಾ ಆಗುತ್ತಾಳೆ. ಐ ಬದಲು ಯು ಹಾಕಿದರೆ ರೂಟಾ. ನಮ್ಮ ಕಡೆಯ ರೂಢಿಯಂತೆ ಟಿ ಜೊತೆ ಎಚ್ ಸೇರಿಸಿದರೆ ರೂಥಾ. ನನ್ನ ಓಟು ಯು ಕಡೆಗೆ, ಎಚ್ ಇಲ್ಲದೆ. ರೀಟಾ ಅನ್ನುವುದು ಬೇರೆಯೇ ಹೆಸರು, ಒಮ್ಮೆ ಅಂಟಿದರೆ ಬಿಡುವುದಿಲ್ಲ. ನೋಂದಣಿ ಆದ ಮೇಲೆ ಹೆಸರು ಸೇರಿಸಲು ಒಂದು ವರ್ಷದವರೆಗೆ ಶುಲ್ಕವಿಲ್ಲ, ಅವಸರವೇನೂ ಇಲ್ಲ. ಆದರೆ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರುವುದರಿಂದ ಹಿಡಿದು ಎಲ್ಲಕ್ಕೂ ಆ ಪತ್ರವೇ ಆಧಾರ. ಆಮೇಲೆ ತಿದ್ದಿಸುತ್ತ ಓಡಾಡುವುದು ಬೇಡ.

ಕೊನೆಯ ದೀರ್ಘ ಬಿಡಬಾರದು ಅಂತ ನನ್ನ ಹಟ. ಕಮಲಾ ಕಮಲ ಆದರೆ ನಡೆಯುತ್ತದೆ, ಋತ ಅಂತ ಬರೆದರೆ ಬರೀ ಸತ್ಯ ಆಗುತ್ತದೆ, ಹುಡುಗಿ ಅಲ್ಲ. ಸೀತೆಯ ಹಾಗೆ ಋತೆ ಮಾಡೋಣ ಅಂದರೆ ಸಂಸ್ಕೃತದಲ್ಲಿ ಋತೇ ಅಂದರೆ 'ಹೊರತು'. ಬೇಡವೇ ಬೇಡ.

ತಮ್ಮ ಈಗ ಇನ್ನೊಂದು ಹೇಳುತ್ತಿದ್ದಾನೆ: ಕನ್ನಡದಲ್ಲೇ ರುತಾ ಅಂತ ರಕಾರಕ್ಕೆ ಕೊಂಬು ಕೊಟ್ಟು ಬರೆದುಬಿಡೋಣ, ಜಗಳವೇ ಇಲ್ಲ. ಆದರೆ ರುತ ಅಂದರೆ ಹಕ್ಕಿಯ ಕೂಗು, ಅರ್ಥವೇ ಬೇರೆ. ಗದಗ, ಹಾವೇರಿ ಕಡೆ ಇಂಥ ಹೆಸರನ್ನು ಋ ಇಟ್ಟೇ ಬರೆಯುತ್ತೀರಾ, ರು ಮಾಡಿಕೊಂಡಿದ್ದೀರಾ? ಈಗಿನ ಹುಡುಗರು ಅಲ್ಲೂ ರಿ ಅನ್ನಲು ಶುರು ಮಾಡಿದ್ದಾರಾ?