ಅಪ್‌ಡೇಟ್: ಜೀಪ್ ಮರಳಲ್ಲಿ ಹೂತಿತು, ಆಚೆಗೂ ಬಂತು
ಮೈಸೂರಿಂದ ಜೈಸಲ್ಮೇರ್‌ಗೆ ಹೋಗುತ್ತಿದ್ದೇನೆ, ಸಮ್ ಮರಳುದಿಬ್ಬಗಳಲ್ಲಿ ಜೀಪ್ ಓಡಿಸುವಾಗ ಏನು ಜಾಗ್ರತೆ ಬೇಕು ಅಂತ ಕೇಳಿದ್ದೆನಲ್ಲ, ಹೋಗಿ ಬಂದೆ. ಟೈರ್ ಗಾಳಿ 32ರಿಂದ 18 ಪಿಎಸ್‌ಐಗೆ ಇಳಿಸಿ ಅಂದಿದ್ದಿರಿ. ತಲಕಾಡಿನ ಮರಳಲ್ಲಿ ಆಡಿ ಬೆಳೆದವನಿಗೆ ಇದೆಲ್ಲ ಗೊತ್ತಿಲ್ವಾ ಅಂತ ಜಂಬ, ಇಳಿಸಲಿಲ್ಲ. ಮೊದಲ ದಿಬ್ಬದಲ್ಲೇ ಚಕ್ರ ಸುಮ್ನೆ ತಿರುಗಿತು. ಆಕ್ಸಿಲರೇಟರ್ ಒತ್ತಿದಷ್ಟೂ ಹೂತು, ಕೊನೆಗೆ ಗಾಡಿಯ ಹೊಟ್ಟೆ ಮರಳಿಗೆ ತಾಗಿತು. ಭಾವ ಊಟದ ತಟ್ಟೆಯಲ್ಲೇ ಮರಳು ಬಗೆದರು. ಗಾಳಿ ಇಳಿಸಿ, ಬಂದ ಜಾಡಿನಲ್ಲೇ ರಿವರ್ಸ್ ಹಾಕಿದರೆ ಸಲೀಸಾಗಿ ಬಂತು!

ಆಮೇಲೆ ಏರಿದ್ದೂ ಇಳಿದದ್ದೂ ನೇರವಾಗಿಯೇ. ಇಳಿಜಾರಲ್ಲಿ ಅಡ್ಡ ತಿರುಗಿಸಿದರೆ ಪಲ್ಟಿ ಹೊಡೆಯಬಹುದು, ಅಲ್ವಾ? ನೆತ್ತಿಯ ಆಚೆ ಏನಿದೆ ಅಂತ ಭಾವ ನಡೆದು ಹೋಗಿ ನೋಡಿ ಕೈ ಬೀಸುತ್ತಿದ್ದರು. ಡಾಂಬರು ರಸ್ತೆ ಸಿಕ್ಕ ಕೂಡಲೇ ಗಾಳಿ ತುಂಬಿಸಿದೆ. ಸೀಟಿನಡಿಯಿಂದ ಇನ್ನೂ ಮರಳು ಉದುರುತ್ತಿದೆ.