ಕ್ವೀನ್ ಬ್ಯಾಂಡಿನ ಗಿಟಾರಿಸ್ಟ್ ಬ್ರಯಾನ್ ಮೇ ಟೋನ್ ಬರ್ತಿಲ್ಲ, ಬರೀ ಕೀರಲು ಸೌಂಡು. ಹೆಲ್ಪ್ ಮಾಡಿ

ತಂತಿ_ತಲೆನೋವು: ತಲೆ ಕೆಟ್ಟು ಮೊಸರು ಗಡಿಗೆ ಆಗಿದೆ ಗುರುಗಳೇ. ಕ್ವೀನ್ ಲೀಡ್ ಟೋನ್ ಬೇಕು ಅಂತ ಹಳೇ ರೇಂಜ್‌ಮಾಸ್ಟರ್ ಥರದ್ದೇ ಜರ್ಮೇನಿಯಂ ಟ್ರಾನ್ಸಿಸ್ಟರಿನ ಟ್ರೆಬಲ್ ಬೂಸ್ಟರ್ (ಚೂಪು ಸ್ವರ ಏರಿಸೋ ಡಬ್ಬಿ) ತಗೊಂಡೆ, ಆಂಪ್ ವಾಕ್ಸ್ ಎಸಿ15, ಆದ್ರೂ ಕಿವಿಗೆ ಸೂಜಿ ಚುಚ್ಚಿದಂಗೆ ಬರತ್ತೆ, ಗಿಟಾರ್ ವಾಲ್ಯೂಮ್ ಇಳಿಸಿದ್ರೆ ಒಡಕು ಹೋಗಿ ಕ್ಲೀನೂ ಆಗಲ್ಲ.

ಹಂಬಕ್ಕರ್_ಹನುಮ: ಪಿಕಪ್ಪು, ಅಂದ್ರೆ ತಂತಿ ಸದ್ದು ಹಿಡಿಯೋ ಮ್ಯಾಗ್ನೆಟ್ಟು. ಮೇ ಗಿಟಾರಲ್ಲಿ ಮೂರು ಬರ್ನ್ಸ್ ಟ್ರೈಸಾನಿಕ್ ಪಿಕಪ್, ಸೀರೀಸ್ ವೈರಿಂಗು. ನಿಮ್ ಫೆಂಡರ್ ಸ್ಟ್ರ್ಯಾಟ್ ಗಿಟಾರಲ್ಲಿ ಅದೆಲ್ಲಿ ಬರ್ಬೇಕು.

ತಂತಿ_ತಲೆನೋವು: ಸ್ಟ್ರ್ಯಾಟ್ ಅಂತ ಯಾರ್ ಹೇಳಿದ್ರು? ಮೇ ಗಿಟಾರ್ ರೆಡ್ ಸ್ಪೆಷಲ್‌ದೇ ಕಾಪಿ, ಟ್ರೈಸಾನಿಕ್ಕೇ ಇರೋದು.

ಹಂಬಕ್ಕರ್_ಹನುಮ: ಹಂಗಿದ್ರೂ ಪಿಕಪ್ಪೇ, ಹೈಟ್ ನೋಡಿ. ಕಾಪಿ ಕಾಪಿನೇ ಬಿಡಿ, ಅಸಲಿ ಗಿಟಾರಿನ ನೆಕ್ಕು ಹಳೇ ಫೈರ್‌ಪ್ಲೇಸಿನ ಮಹಾಗನಿ.

ನಾಲ್ಕಾಣೆ: ಪಿಕ್ ಯಾವ್ದು? ಅವ್ರು ಬಾರ್ಸೋದು ಸಿಕ್ಸ್‌ಪೆನ್ಸ್ ನಾಣ್ಯದಲ್ಲಿ. ನಾನ್ ಹಳೇ ನಾಲ್ಕಾಣೇಲಿ ಬಾರಿಸ್ತೀನಿ, ಸೂಪರ್.

ಹಂಬಕ್ಕರ್_ಹನುಮ: ಅವ್ರು ಟ್ರೆಬಲ್ ಕಮ್ಮಿ ಮಾಡಕ್ಕೆ ಕೇಳ್ತಿದಾರೆ ಮಾರಾಯ, ನೀನ್ ಲೋಹ ಹಾಕು ಅಂತೀಯ.

ಸೋಲ್ಡರ್_ಸೋಮಿ: ಚೈನ್ ಪೂರ್ತಿ ಬರೀರಿ. ಗಿಟಾರಿಂದ ನೇರ ಬೂಸ್ಟರ್‌ಗಾ?

ತಂತಿ_ತಲೆನೋವು: ಮಧ್ಯ ಟ್ಯೂನರ್ ಇದೆ, ಎಲ್ರೂ ಮೊದ್ಲೇ ಇಡ್ತಾರಲ್ವಾ. ಟಾಪ್ ಬೂಸ್ಟ್ ಚಾನೆಲ್, ವಾಲ್ಯೂಮ್ 2, ಮಗು ಮಲಗಿರತ್ತೆ.

ಸೋಲ್ಡರ್_ಸೋಮಿ: ಅಲ್ಲೇ ಇದೆ ನೋಡಿ. ಈ ಸರ್ಕ್ಯೂಟಿನ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡೋ ತಡೆ) ಕಮ್ಮಿ, ಅದ್ರ ಭಾರ ನೇರ ಪಿಕಪ್ ಮೇಲೆ ಬಿದ್ರೇನೇ ಮೇಲಿನ ಚೂಪು ಸವೆಯೋದು, ವಾಲ್ಯೂಮ್ ಇಳಿಸಿದ್ರೆ ಕ್ಲೀನ್ ಆಗೋದು. ಮಧ್ಯ ಟ್ಯೂನರಿನ ಬಫರ್ (ಪಿಕಪ್ ಮೇಲೆ ಆ ಭಾರ ಬೀಳದಂಗೆ ತಡೆಯೋ ಸರ್ಕ್ಯೂಟು) ಇದ್ರೆ ಎರಡೂ ಹೋಯ್ತು. ಟ್ಯೂನರ್ ಆಚೆ ಹಾಕಿ. ಆಮೇಲೆ ನಾರ್ಮಲ್ ಚಾನೆಲ್‌ಗೆ ಬನ್ನಿ, ಮೇ ವಾಕ್ಸ್ ಎಸಿ30 ಆಂಪಲ್ಲಿ ಅದನ್ನೇ ಫುಲ್ ತಿರುಗಿಸೋದು. ಮಾಸ್ಟರ್ ವಾಲ್ಯೂಮ್ ಇದ್ರೆ ಅದನ್ನ ಇಳಿಸಿ ಚಾನೆಲ್ ವಾಲ್ಯೂಮ್ ಏರಿಸಿ. ಆಂಪ್ ಸೌಂಡ್ ಮೊದ್ಲೇ ಸ್ವಲ್ಪ ಒಡೀತಿರ್ಬೇಕು, ಇಲ್ದಿದ್ರೆ ಬೂಸ್ಟರ್ ಬರೀ ಟ್ರೆಬಲ್ ಡಬ್ಬಿ.

ಹಂಬಕ್ಕರ್_ಹನುಮ: ಜರ್ಮೇನಿಯಂ ಸೆಕೆಗೆ ಲೀಕ್ ಆಗತ್ತೆ, ಅದ್ರ ಬಗ್ಗೆ ಯಾರೂ ಮಾತಾಡಲ್ಲ. ಪೆಡಲ್ ಮಾಡೋ ಪೀಟ್ ಕಾರ್ನಿಶ್ ಮೇಗೆ ಮಾಡ್ಕೊಟ್ಟ ಬೂಸ್ಟರ್ ಸಿಲಿಕಾನು.

ಸೋಲ್ಡರ್_ಸೋಮಿ: ಸೆಕೆಗೆ ಬಯಾಸ್ (ಟ್ರಾನ್ಸಿಸ್ಟರಿನ ಕರೆಂಟ್ ಸೆಟ್ಟಿಂಗು) ಜಾರತ್ತೆ, ಸೌಂಡ್ ಗೊರಗೊರ ಅನ್ನತ್ತೆ. ಕೀರಲು ಆಗಲ್ಲ. ಪಿಕಪ್ ಬಿಟ್ಟು ಈಗ ಇದು ಸಿಕ್ತಾ?

ತಂತಿ_ತಲೆನೋವು: ಟ್ಯೂನರ್ ಬೈಪಾಸ್ (ಆಫ್) ಮಾಡಿದ್ರೆ ಸಾಕಾ?

ಸೋಲ್ಡರ್_ಸೋಮಿ: ಬಫರ್ಡ್ ಪೆಡಲ್ ಆದ್ರೆ ಬೈಪಾಸಲ್ಲೂ ಬಫರ್ ಇರತ್ತೆ. ಕೇಬಲ್ಲೇ ಕೀಳಿ.

ಎಸಿ30_ಅಜ್ಜ: ನನ್ಹತ್ರ ಮೂರು ಎಸಿ30 ಇದೆ, ಮಧ್ಯದ್ದು ಡ್ರೈ (ಎಫೆಕ್ಟ್ ಇಲ್ದೆ), ಅಕ್ಕಪಕ್ಕದ್ದಕ್ಕೆ ಒಂದೊಂದು ಡಿಲೇ (ಎಕೋ), ಮೇ ಸ್ಟೇಜಲ್ಲಿ ಇಡೋ ಥರಾನೇ. ಆನ್ ಮಾಡಿದ್ರೆ ಅಡಿಗೆಮನೆ ಸ್ಟೀಲ್ ಲೋಟ ಎಲ್ಲ ಕುಣಿಯತ್ತೆ.

ನಾಲ್ಕಾಣೆ: ಅಜ್ಜಾ ಫೋಟೋ ಹಾಕಿ!! ಸ್ಪೀಕರ್ ಸೆಲೆಷನ್ ಕಂಪನಿಯ ಅಲ್ನಿಕೋ ಬ್ಲೂನಾ?

ತಂತಿ_ತಲೆನೋವು: ನನ್ ಟ್ಯೂನರ್ ಮೇಲೆ ಬಫರ್ ಅಂತ ಏನೂ ಬರ್ದಿಲ್ಲ, ಹೆಂಗ್ ಗೊತ್ತಾಗತ್ತೆ?

ಎಸಿ30_ಅಜ್ಜ: ಆಂಪ್‌ಗೆರಡು ಸ್ಪೀಕರ್, ಆರಕ್ಕಾರೂ ಬ್ಲೂ. ಫೋಟೋ ನಾಳೆ.