ಮಳೆಗಾಲಕ್ಕೆ ನಿಂತ ಕ್ಯಾಂಪರ್ ವ್ಯಾನ್, ಇಳಿಯೋ ಬ್ಯಾಟರಿ: ನಾಗಣ್ಣನ್ನ ಕೇಳಿ

ಅಡ್ಮಿನ್: ಇವತ್ತು ರಾತ್ರಿ 8ರಿಂದ ನಾಗಣ್ಣ ಗ್ರೂಪಲ್ಲಿ ಇರ್ತಾರೆ (ಆಟೋ ಎಲೆಕ್ಟ್ರಿಷಿಯನ್, ಕಲಾಸಿಪಾಳ್ಯ). ಬ್ಯಾಟರಿ ಯಾವ ಥರದ್ದು, ಎಷ್ಟು ಎಎಚ್ (ಆಂಪಿಯರ್-ಅವರ್, ಅಂದ್ರೆ ಎಷ್ಟು ಚಾರ್ಜ್ ಹಿಡಿಯುತ್ತೆ), ಈಗ ಎಷ್ಟು ವೋಲ್ಟ್ ಅಂತ ಬರೆದು ಕೇಳಿ.

ಮಂಜುನಾಥ್, ಯಲಹಂಕ: ಅಣ್ಣ, 100 ಎಎಚ್ ಎಜಿಎಂ (ನೀರು ಹಾಕದ, ಸೀಲ್ ಆದ ಲೆಡ್ ಆಸಿಡ್ ಬ್ಯಾಟರಿ). ಮೇನ್ ಸ್ವಿಚ್ ಆಫ್ ಮಾಡೇ ಹೋಗಿದ್ದೆ. ಮೂರು ವಾರಕ್ಕೆ 12.7 ಇದ್ದದ್ದು 12.1 ಆಗಿದೆ. ಬ್ಯಾಟರಿ ಹೋಯ್ತಾ?

ನಾಗಣ್ಣ: ಬ್ಯಾಟರಿ ಮೇಲೆ ಈಗಲೇ ಅನುಮಾನ ಬೇಡ. ಎಜಿಎಂ ತಾನಾಗಿ ಇಳಿಯೋದು ತಿಂಗಳಿಗೆ 2–3 ಪರ್ಸೆಂಟ್. ನಿಮ್ಮದು 55 ಎಎಚ್ ಆದರೂ ಹೋಗಿದೆ, ಅಂದ್ರೆ ಹಗಲೂ ರಾತ್ರಿ ಸುಮಾರು 110 ಮಿಲಿಆಂಪ್ ಯಾವುದೋ ಎಳೀತಿದೆ. ಸ್ವಿಚ್ ದಾಟದೆ ನೇರ ಬ್ಯಾಟರಿ ಪೋಸ್ಟಿಗೆ ಯಾವ ವೈರ್ ಬಂದಿದೆ ನೋಡಿ. ಜಿಪಿಎಸ್ ಟ್ರ್ಯಾಕರ್, ಗ್ಯಾಸ್ ಅಲಾರಂ, ಸ್ಟೀರಿಯೋ, ಸ್ಟ್ಯಾಂಡ್‌ಬೈಲಿರೋ ಇನ್ವರ್ಟರ್, ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು ಇರುತ್ತೆ. ಮೈನಸ್ ಕ್ಲ್ಯಾಂಪ್ ಬಿಚ್ಚಿ, ಪೋಸ್ಟಿಗೂ ಕ್ಲ್ಯಾಂಪಿಗೂ ಮಧ್ಯೆ ಮಲ್ಟಿಮೀಟರ್ ಇಡಿ, ಕೆಂಪು ಪ್ರೋಬ್ 10 ಆಂಪ್ ತೂತಲ್ಲಿ. ಬಾಗಿಲು ಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ಒಂದೊಂದೇ ಫ್ಯೂಸ್ ಕೀಳಿ, ಯಾವುದಕ್ಕೆ ಅಂಕಿ ಬೀಳುತ್ತೋ ಅದೇ ಕಳ್ಳ. ಮೀಟರ್ ಇದ್ದಾಗ ಇನ್ವರ್ಟರ್ ಆನ್ ಮಾಡಿದ್ರೆ ಮೀಟರಿನ ಫ್ಯೂಸ್ ಹಾರುತ್ತೆ. ಮೊದಲು ಚಾರ್ಜ್ ಮಾಡಿ. ವಾರಗಟ್ಟಲೆ 12.4ರ ಕೆಳಗೆ ಬಿಟ್ಟರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ.

ಸುರೇಶ್: ಸರ್, ವಾರಕ್ಕೊಮ್ಮೆ 10 ನಿಮಿಷ ಸ್ಟಾರ್ಟ್ ಮಾಡಿಟ್ರೆ ಸಾಕಲ್ವಾ?

ನಾಗಣ್ಣ: ಸಾಲಲ್ಲ. ಲೆಡ್ ಆಸಿಡ್‌ಗೆ ಕೊನೆಯ 20 ಪರ್ಸೆಂಟ್ ತುಂಬೋಕೇ ಗಂಟೆಗಟ್ಟಲೆ ಬೇಕು.

ಗೀತಾ, ವಿಜಯನಗರ: 150 ಎಎಚ್ ಟ್ಯೂಬುಲರ್ (ನೀರು ಹಾಕೋ ಲೆಡ್ ಆಸಿಡ್). ಆರ್‌ಒ ನೀರು ಹಾಕಬಹುದಾ?

ನಾಗಣ್ಣ: ಬೇಡ ಮೇಡಂ. ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಫುಲ್ ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದ್ರೆ ಚಾರ್ಜಲ್ಲಿ ಉಕ್ಕಿ ಆಸಿಡ್ ಹೊರಗೆ ಬರುತ್ತೆ.

ರಮೇಶ್ ಬಾಬು: *ಫಾರ್ವರ್ಡೆಡ್* ಸತ್ತ ಬ್ಯಾಟರಿಗೆ ಜೀವ! ಪ್ರತಿ ಸೆಲ್ಲಿಗೆ 2 ಆಸ್ಪಿರಿನ್ ಮಾತ್ರೆ ಹಾಕಿ, ರಾತ್ರಿ ಬಿಡಿ 🙏

ನಾಗಣ್ಣ: ದಯವಿಟ್ಟು ಯಾರೂ ಹಾಕ್ಬೇಡಿ. ಆಸ್ಪಿರಿನ್ ಒಡೆದು ಅಸಿಟಿಕ್ ಆಸಿಡ್ ಆಗುತ್ತೆ, ಅದು ಸೀಸದ ಪ್ಲೇಟನ್ನೇ ತಿನ್ನುತ್ತೆ.

ಅನಿತಾ, ಕೆಂಗೇರಿ: ಸರ್, ವ್ಯಾನ್ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿದೆ. ಹಾಸಿಗೆ ಕೆಳಗೆ ಎಜಿಎಂ, ಎರಡು ತಿಂಗಳಿಂದ ಚಾರ್ಜರ್ ಆನ್. ಇವತ್ತು ಬಾಗಿಲು ತೆಗೆದ್ರೆ ಕೊಳೆತ ಮೊಟ್ಟೆ ವಾಸನೆ, ಬ್ಯಾಟರಿ ಎರಡೂ ಕಡೆ ಉಬ್ಬಿದೆ.

ನಾಗಣ್ಣ: ಮೇಡಂ, ಬೇರೆಲ್ಲ ಬಿಟ್ಟು ಇದನ್ನ ಓದಿ. ಒಳಗೆ ಹೋಗ್ಬೇಡಿ. ಒಳಗಿನ ಲೈಟ್, ಫ್ಯಾನ್, ಚಾರ್ಜರ್ ಸ್ವಿಚ್ ಮುಟ್ಟಬೇಡಿ, ಗ್ಯಾಸ್ ಹತ್ತಿಕೊಳ್ಳೋಕೆ ಒಂದು ಕಿಡಿ ಸಾಕು. ಪಕ್ಕದ ಕಂಬದ ಪ್ಲಗ್ ಕೂಡ ಕೀಳಬೇಡಿ. ದೂರದ ಪ್ಯಾನಲ್‌ನಲ್ಲಿ ಆ ಲೈನಿನ ಎಂಸಿಬಿ (ಬ್ರೇಕರ್ ಸ್ವಿಚ್) ಇಳಿಸಿಸಿ. ಬಾಗಿಲು ತೆರೆದೇ ಇರಲಿ. ಸೆಕ್ಯುರಿಟಿಗೆ ಹೇಳಿ ಆ ಕಡೆ ಯಾರನ್ನೂ ಬಿಡಬೇಡಿ, ಬೀಡಿ ಸಿಗರೇಟ್ ಹತ್ತಿರಕ್ಕೂ ಬೇಡ. ವಾಸನೆ ಹೈಡ್ರೋಜನ್ ಸಲ್ಫೈಡ್‌ದು, ವಿಷ, ಗಾಳಿಗಿಂತ ಭಾರ, ಬೇಸ್‌ಮೆಂಟಲ್ಲಿ ಕೆಳಗೇ ನಿಲ್ಲುತ್ತೆ. ಸ್ವಲ್ಪ ಹೊತ್ತಿಗೆ ಮೂಗು ಮರಗಟ್ಟಿ ವಾಸನೆ ಗೊತ್ತಾಗಲ್ಲ, ವಾಸನೆ ಹೋಯ್ತು ಅಂತ ಹತ್ತಿರ ಹೋಗ್ಬೇಡಿ. ಹೊಗೆ ಕಂಡ್ರೆ, ಯಾರಿಗಾದ್ರೂ ತಲೆ ಸುತ್ತಿದ್ರೆ 112.

ಆಗಿರೋದು ಇಷ್ಟು. 12 ವೋಲ್ಟ್ ಬ್ಯಾಟರೀಲಿ ಆರು ಸೆಲ್. ಒಂದು ಶಾರ್ಟ್ ಆದ್ರೆ ಉಳಿದ ಐದಕ್ಕೆ ಚಾರ್ಜರಿನ ಅದೇ 14.4 ವೋಲ್ಟ್ ಬೀಳುತ್ತೆ, ಸೆಲ್ಲಿಗೆ 2.4 ಇರಬೇಕಾದ ಕಡೆ 2.88. ಕರೆಂಟ್ ಇಳಿಯಲ್ಲ, ಹಾಗಾಗಿ ಚಾರ್ಜರ್ ಫ್ಲೋಟಿಗೂ (ತುಂಬಿದ ಮೇಲೆ ಕಡಿಮೆ ವೋಲ್ಟಲ್ಲಿ ಕಾಯ್ದುಕೊಳ್ಳೋ ಹಂತ) ಬರಲ್ಲ. ಬಿಸಿ ಏರಿದಷ್ಟೂ ಇನ್ನೂ ಎಳೆಯುತ್ತೆ. ಪೂರ್ತಿ ತಣ್ಣಗಾಗೋವರೆಗೂ ಬಿಚ್ಚಬೇಡಿ. ಬಿಚ್ಚೋನು ಕನ್ನಡಕ, ಗ್ಲೌಸ್ ಹಾಕ್ಕೊಂಡು ಮೊದಲು ಮೈನಸ್ ತೆಗೀಲಿ. ಆ ಬ್ಯಾಟರಿಗೆ ಮತ್ತೆ ಚಾರ್ಜ್ ಇಡಬೇಡಿ. ಹೊಸದಕ್ಕೆ 13.5–13.8ಕ್ಕೆ ಫ್ಲೋಟ್ ಆಗೋ ಚಾರ್ಜರ್ ಇರಲಿ.

ಕಿರಣ್: ಇದಕ್ಕೇ ಹೇಳೋದು ಲಿಥಿಯಂ ಹಾಕ್ಸಿ ಅಂತ. ಅರ್ಧ ಚಾರ್ಜಿಗೆ ಬಿಟ್ಟು ಡಿಸ್‌ಕನೆಕ್ಟ್ ಮಾಡಿ ಹೋದ್ರೆ ಮುಗೀತು.

ಪ್ರಸನ್ನ: ದುಡ್ಡು ನೀವು ಕೊಡ್ತೀರಾ? 20 ವಾಟ್ ಸೋಲಾರ್ ಪ್ಯಾನಲ್ ಸಾಕು.

ಕಿರಣ್: ಬೇಸ್‌ಮೆಂಟಲ್ಲಿ ಯಾವ ಸೂರ್ಯ ಗುರು? ಕವರ್ ಹೊದಿಸಿದ ಮೇಲೆ ರೂಫಿನ ಪ್ಯಾನಲ್ ಬರೀ ಅಲಂಕಾರ.

ಪ್ರಸನ್ನ: ಎಲ್ಲರೂ ಬೇಸ್‌ಮೆಂಟಲ್ಲಿ ನಿಲ್ಸಲ್ಲ. ಸೇಲ್ಸಿಗೆ ಬೇರೆ ಗ್ರೂಪ್ ನೋಡ್ಕೊಳ್ಳಿ.

ಇಮ್ರಾನ್: ಸೋಲಾರ್ ಕಂಟ್ರೋಲರ್ ತಾನೇ ಎಷ್ಟು ಎಳೆಯುತ್ತೆ ಅಣ್ಣ?

ರಮೇಶ್ ಬಾಬು: ಬ್ಯಾಟರಿ ಸಿಮೆಂಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ಭೂಮಿಗೆ ಇಳಿಯುತ್ತಂತೆ, ಹೌದಾ?

ನಾಗಣ್ಣ: ಇಲ್ಲ. ಈಗಿನದು ಪ್ಲಾಸ್ಟಿಕ್ ಡಬ್ಬ. ಫಾರ್ವರ್ಡ್ ಮಾಡೋದು ನಿಲ್ಸಿ ರಮೇಶ್, ಅಲ್ಲೊಬ್ಬರ ವ್ಯಾನಲ್ಲಿ ಗ್ಯಾಸ್ ತುಂಬಿದೆ. ಅನಿತಾ ಮೇಡಂ, ಎಂಸಿಬಿ ಇಳಿಸಿದ್ರಾ?

ಅನಿತಾ, ಕೆಂಗೇರಿ: ಇಳಿಸಿದ್ರು ಸರ್. ಎಲ್ಲರನ್ನೂ ಮೇಲಕ್ಕೆ ಕಳಿಸಿದೀವಿ.

ನಾಗಣ್ಣ: ಒಳ್ಳೇದು. ಬೆಳಗ್ಗೆವರೆಗೂ ಯಾರೂ ಇಳಿಯೋದು ಬೇಡ.

ಲೋಕೇಶ್: ಹೊಸಬ ಸರ್. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಬಿಟ್ರೆ ಸಾಕಾ?

ನಾಗಣ್ಣ: ಮೇಲೆ ಓದಿ.